ಕಾಗೆ ಕಚ್ಚಿಕೊಂಡು ಹೋದ ಹಾಲು

ಆಗಸ್ಟ್ 10, ಭಾನುವಾರ. ಮಿರ್ಲೆ

ನಿದ್ದೆ ಇಲ್ಲ. ಮಗು ಮಲಗಿದೆ. ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ, ಉಸಿರು ಬರುತ್ತಿದೆ. ಹದಿನಾಲ್ಕು ತಿಂಗಳಿಂದ ಹೀಗೇ ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಬರುತ್ತಿರುತ್ತದೆ. ನಾನು ಕಣ್ಣು ಮುಚ್ಚಿದರೆ ಅದು ನಿಂತುಹೋಗುತ್ತದೆ ಎಂಬುದು ತಲೆಯೊಳಗೆ ಹೇಗೆ ಹೊಕ್ಕಿತೋ. ಎಂ.ಎಸ್ಸಿ ಓದಲು ಜರ್ಮನಿಗೆ ಹೋದವಳು ಇಂಥದ್ದನ್ನು ನಂಬಬಾರದು. ಆದರೂ ಬೆರಳು ಹೋಗುತ್ತದೆ.

ಇವತ್ತು ಅತ್ತೆ ತಮ್ಮ ತೀರ್ಮಾನ ಹೇಳಿದರು. ಅಕ್ಟೋಬರಿಗೆ ಜರ್ಮನಿಯಲ್ಲಿ ನನ್ನ ಕಾಲೇಜು ಶುರು. ಹೆರಿಗೆಗೆಂದು ತೆಗೆದುಕೊಂಡ ರಜೆ ಅಲ್ಲಿಗೆ ಮುಗಿಯುತ್ತದೆ, ಈ ಸಲ ಹೋಗದಿದ್ದರೆ ಸೀಟು ಹೋಗುತ್ತದೆ. ಹೋಗಬೇಕಾದರೆ ಮಗು ಎದೆಹಾಲು ಬಿಡಬೇಕು. ಬಿಡುತ್ತಿಲ್ಲ. ಬೇವಿನ ರಸ ಹಚ್ಚಿ ನೋಡಿದ್ದಾಯಿತು. ಮುಖ ಕಿವುಚಿತು, ಅಂಗೈಯಲ್ಲಿ ಒರೆಸಿತು, ಕುಡಿಯಿತು.

“ನೀ ಕಣ್ಮುಂದೆ ಇರಗಂಟ ಕೂಸು ಬುಡಾಕಿಲ್ಲ ಕಣವ್ವ,” ಎಂದರು ಅತ್ತೆ. “ನಾಕ್ ದಿನ ಎತ್ಲಾಗಾರ ಓಗಿದ್ದು ಬಾ. ಕೇಳಿದ್ರೆ, ಕಾಗೆ ಕಚ್ಕಂಡೋಯ್ತು ಅಂತೀನಿ. ಧರ್ಮಂಗೂ ಅಂಗೇ ಬುಡ್ಸಿದ್ದು.”

ಧರ್ಮ ಎಂದರೆ ಧರ್ಮೇಂದ್ರ, ನನ್ನ ಗಂಡ. ನಾಟಿಯ ಕಾಲ, ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದರು. “ನಂಗ್ಯಾವ ಕಾಗೇನೂ ನೆಪ್ಪಿಲ್ಲ,” ಎಂದರು.

“ನೆಪ್ಪಿದ್ದಿದ್ರೆ ಬುಡ್ತಿದ್ದೇನ್ಲಾ? ಸ್ಕೂಲಿಗೆ ಓಗಗಂಟ ಕುಡೀತಿದ್ದೆ.”

ಹಾಲು ಬಿಡಿಸುವಾಗ ತಾಯಿಯನ್ನು ತವರಿಗೆ ಕಳಿಸುವುದು ಇಲ್ಲಿಯ ಪದ್ಧತಿ. ನನ್ನ ತವರು ಇದೇ ಊರಿನಲ್ಲಿ ಎರಡು ಬೀದಿ ಆಚೆ. ಮಗು ಅತ್ತರೆ ಅಲ್ಲಿಗೂ ಕೇಳಿಸುತ್ತದೆ.

ರೂಪಶ್ರೀಗೆ ಮೆಸೇಜು ಹಾಕಿದೆ. ಅವಳೂ ಬೃಂದಾಳೂ ಜರ್ಮನಿಯಲ್ಲಿ ನನ್ನ ಸಹಪಾಠಿಗಳು, ಮೂವರೂ ಒಂದೇ ಮನೆಯಲ್ಲಿದ್ದೆವು. ರಜೆಗೆ ಬಂದಿದ್ದಾರೆ. ಕಾರಿನಲ್ಲಿ ನಮ್ಮ ಕಡೆಯ ಊರುಗಳನ್ನೆಲ್ಲ ಸುತ್ತೋಣ ಬಾ ಎಂದು ವಾರದಿಂದ ಕರೆಯುತ್ತಿದ್ದರು, ಆಗುವುದಿಲ್ಲ ಎಂದಿದ್ದೆ. ಮೊದಲ ವರ್ಷದ ರಜೆಯಲ್ಲಿ ಬಾಡಿಗೆ ಕಾರು ಹಿಡಿದು ಆಸ್ಟ್ರಿಯಾ ದಾಟಿ ಸ್ಲೊವೇನಿಯಾದವರೆಗೆ ಹೋಗಿದ್ದೆವು. ಎರಡು ದೇಶದ ಗಡಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ದಾಟಿದವಳು ನಾನು. ಈಗ ನೆನೆಸಿಕೊಂಡರೆ ಯಾರೋ ದೂರದ ನೆಂಟರ ಹುಡುಗಿಯ ಸಂಗತಿ ಅನ್ನಿಸುತ್ತದೆ.

ಮಂಗಳವಾರ ಬರುತ್ತಾರಂತೆ.

ಆಗಸ್ಟ್ 12, ಮಂಗಳವಾರ. ಪಿರಿಯಾಪಟ್ಟಣದ ಹತ್ತಿರ

ಅತ್ತೆ ನನ್ನನ್ನು ಹಿತ್ತಿಲ ಬಾಗಿಲಿನಿಂದ ಕಳಿಸಿದರು. ಮುಂಬಾಗಿಲಲ್ಲಿ ಮಾವ ಮಗುವಿಗೆ ಕರು ತೋರಿಸುತ್ತಿದ್ದರು. ಹೋಗಿಬರುತ್ತೇನೆ ಎನ್ನುವಂತಿಲ್ಲ, ಫೋನಿನಲ್ಲಿ ಮುಖ ತೋರಿಸುವಂತಿಲ್ಲ.

“ದನಿ ಕೇಳಿದ್ರೂ ಮುಗೀತು. ಧರ್ಮ ಮೆಸೇಜ್ ಆಕ್ತಾನೆ, ಓದ್ಕೊ.”

ನಾನು ರಾತ್ರಿ ಹಾಕಿಕೊಂಡಿದ್ದ ನೀಲಿ ನೈಟಿ ಒಗೆಯುವ ಬಟ್ಟೆಯ ರಾಶಿಯಲ್ಲಿತ್ತು. ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. “ಇದು ಅಂಗೇ ಇರ್ಲಿ. ನಿನ್ ವಾಸ್ನೆ ಬೇಕು.” ಮಗುವಿಗೆ ಹೊದಿಸಲು ಇರಬೇಕು. ನೈಟಿ ಕಂಡರೆ ಅವರಿಗಾಗುವುದಿಲ್ಲ, ಗೊಬ್ಬರದ ಚೀಲ ಎನ್ನುತ್ತಾರೆ.

ಕಾರು ರೂಪಶ್ರೀಯ ಅಪ್ಪನದು. ಹಿಂದೆ ಎರಡು ಗೋಣಿಚೀಲ, ಒಂದು ಸ್ಟೆಪ್ನಿ. ನನ್ನನ್ನು ನೋಡಿ ಬೃಂದಾ, “ಇದೇನೇ, ಕಾಡಿಗೆ ಕೆನ್ನೆವರೆಗೂ ಇಳಿದಿದೆ?” ಎಂದಳು.

“ಕಾಡಿಗೆ ಅಲ್ಲ. ನಿದ್ದೆ ಇಲ್ಲ.”

“ನಿಂಗಾ? ನಿದ್ದೆ ಇಲ್ವಾ? ಲೇ ರೂಪ, ಕೇಳಿದ್ಯೇನೆ?”

ಇಬ್ಬರೂ ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿದರು.

ಕೆ.ಆರ್. ನಗರದ ಬಸ್ ನಿಲ್ದಾಣದ ಎದುರು ಕಾಫಿಗೆ ಇಳಿದೆವು. ಯಾರದೋ ಮಗು ಅತ್ತಿತು. ನನಗೆ ಹಾಲು ಇಳಿದು ಕುರ್ತಾದ ಮುಂದೆಲ್ಲ ಒದ್ದೆ. ಅಳುತ್ತಿರುವುದು ಯಾರ ಮಗು ಎಂದು ಎದೆ ವಿಚಾರಿಸುವುದಿಲ್ಲ. ದುಪಟ್ಟಾ ಹೊದ್ದು ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು.

ಹುಣಸೂರಿನಲ್ಲಿ ಮಲ್ಲಿಗೆ ಹೂ ತೆಗೆದುಕೊಳ್ಳಬೇಕಿತ್ತು, ಅತ್ತೆ ಹೇಳಿಕಳಿಸಿದ್ದರು. ಮಾರುಕಟ್ಟೆಯ ಹೂವಿನಾಕೆ ಮೊಳ ಹಾಕಲು ಕೈ ಚಾಚಿದಳು, ಅಷ್ಟರಲ್ಲಿ ನನ್ನ ದುಪಟ್ಟಾ ನೋಡಿ ಕೈ ನಿಲ್ಲಿಸಿದಳು.

“ಮುಡಿಯಾಕೋ, ಕಟ್ಟಾಕೋ?”

“ಕಟ್ಟಾಕೆ,” ಎಂದೆ.

“ಅಂಗಾರೆ ಬಿಡಿ ಹೂವು ತಕ್ಕ. ದಾರ ಒತ್ತುತ್ತೆ.” ಹಿಡಿಹಿಡಿಯಾಗಿ ಬಾಳೆ ಎಲೆಗೆ ಸುರಿದಳು. “ಗಂಡೋ, ಹೆಣ್ಣೋ?”

“ಹೆಣ್ಣು.”

“ಹೆಣ್ಣು ಬೇಗ ಬುಡ್ತದೆ. ನನ್ನವು ಮೂರೂ ಗಂಡು. ಇವತ್ತಿಗೂ ಬುಟ್ಟಿಲ್ಲ, ತಿಂಗಳಾದ್ರೆ ದುಡ್ ಕೇಳ್ತವೆ.”

ಕಾರಿಗೆ ಬಂದ ಮೇಲೆ ಬೃಂದಾ ಕೇಳಿದಳು, ಹೂವನ್ನು ಎಲ್ಲಿಗೆ ಕಟ್ಟುವುದು ಎಂದು. ಎದೆಗೆ, ಬಟ್ಟೆಯೊಳಗೆ, ಹಾಲು ಬತ್ತುತ್ತದೆ ಎನ್ನುತ್ತಾರೆ ಎಂದೆ. ರೂಪಶ್ರೀ ಕಾರು ಪಕ್ಕಕ್ಕೆ ಹಾಕಿ ತನ್ನ ಶಾಲು ಕೊಟ್ಟಳು. ಇಬ್ಬರೂ ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಕಟ್ಟಿಕೊಂಡೆ. ತಣ್ಣಗಿತ್ತು.

ಮುಂದೆ ದಾರಿಯಲ್ಲಿ ಬೃಂದಾ ನನ್ನ ಪಕ್ಕ ನಿದ್ದೆಹೋದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ನನ್ನ ಬೆರಳು ಅವಳ ಮೂಗಿನ ಕೆಳಗಿದೆ. ಅವಳು ಕಣ್ಣು ಬಿಡದೆಯೇ, “ಬದುಕಿದೀನಿ ಕಣೇ,” ಎಂದಳು.

ಈಗ ರೂಪಶ್ರೀಯ ಮನೆಯಲ್ಲಿದ್ದೇವೆ. ಧರ್ಮೇಂದ್ರರ ಮೆಸೇಜು: “ಅತ್ತಳು. ಗಂಜಿ ತಿಂದಳು. ಮಲಗಿದಳು.” ಎಷ್ಟು ಹೊತ್ತು ಅತ್ತಿತೆಂದು ಬರೆದಿಲ್ಲ.

ಆಗಸ್ಟ್ 13, ಬುಧವಾರ

ಎದೆ ಕಲ್ಲಾಗಿದೆ. ಜ್ವರ ಬಂದ ಹಾಗಿದೆ. ಹೂವು ಬಾಡಿ ಹಾಲಿನೊಂದಿಗೆ ಸೇರಿ ಹುಳಿ ವಾಸನೆ. ರೂಪಶ್ರೀಯ ಅಮ್ಮ ವಿಮಲಮ್ಮ ಬಿಸಿನೀರು ಕಾಯಿಸಿಕೊಟ್ಟು, ನೋವು ತಡೆಯದಷ್ಟಾದರೆ ಸ್ವಲ್ಪ ಹಿಂಡು, ಪೂರ್ತಿ ಹಿಂಡಬೇಡ ಎಂದರು. ಹಿಂಡಿದ್ದನ್ನು ದಾಸವಾಳದ ಬುಡಕ್ಕೆ ಹಾಕಿದೆ. ತುಳಿಯುವ ಜಾಗಕ್ಕೆ ಹಾಕಬಾರದಂತೆ.

ಬೈಲುಕುಪ್ಪೆಗೆ ಹೋಗಿ ಮೊಮೊ ತಿಂದೆವು. ನಾನು ಎರಡು ತಿಂದೆ.

ಸಂಜೆ ಫೋನು ಬಂತು. ವಿಡಿಯೋ. ಧರ್ಮೇಂದ್ರ. ಎತ್ತಬಾರದಿತ್ತು. ಕೊಟ್ಟಿಗೆಯಲ್ಲಿ ನಿಂತಿದ್ದರು, ಮಗು ತೋಳಿನಲ್ಲಿತ್ತು. “ನಿಮ್ಮವ್ವ ಅಂಗಡಿಗೆ ಓಗವ್ರೆ ಅಂತ…” ಎಂದು ಶುರುಮಾಡಿದರು. ತಮ್ಮವ್ವನನ್ನೇ ನಿಮ್ಮವ್ವ ಎಂದರು, ಅಷ್ಟು ಗಾಬರಿ. “ಒಂದೇ ಸಲ ನೋಡ್ಬುಡು. ನಿನ್ನೆಯಿಂದ ಬಾಗ್ಲ ಕಡೆಗೇ ನೋಡ್ತಾ ಕೂತದೆ. ನನ್ ಕೈಲಿ ಆಗಲ್ಲ.”

ಮಗು ನನ್ನನ್ನು ನೋಡಿತು. ನಗಲಿಲ್ಲ, ಅಳಲಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದು ಬಾಯಿಗೆ ಹಾಕಿಕೊಂಡಿತು. ನನ್ನ ಪರದೆಯೆಲ್ಲ ಅದರ ಬಾಯಿ. ಎರಡು ಹಲ್ಲು, ಕತ್ತಲೆ. ಗಾಜಿನಲ್ಲಿ ಏನೂ ಸಿಗದೆ ಆಮೇಲೆ ಕೂಗಲು ಶುರುಮಾಡಿತು. ಫೋನು ಕೆಳಗೆ ಬಿತ್ತು. ಸೂರಿನ ಹೆಂಚು ಕಾಣುತ್ತಿತ್ತು, ದನಿ ಕೇಳುತ್ತಿತ್ತು. ಕಟ್ ಮಾಡಿದವಳು ನಾನೇ.

ಆಗಸ್ಟ್ 14, ಗುರುವಾರ

ರಾತ್ರಿಯೆಲ್ಲ ಕೂತಿದ್ದೆ. ಬೆಳಿಗ್ಗೆ ರೂಪಶ್ರೀಗೆ ಹೇಳಿದೆ, ಕಾರು ತೆಗೆ, ಮನೆಗೆ ಬಿಡು.

“ಬಿಡ್ತೀನಿ. ಕಾಲೇಜು?”

“ಬೇಡ.”

ಅವಳು ಕೀಲಿ ತರಲು ಒಳಗೆ ಹೋದಳು. ಅಷ್ಟರಲ್ಲಿ ಅತ್ತೆಯ ಫೋನು. ಅವರದು ಬಟನ್ ಫೋನು, ಕಿರುಚಿಯೇ ಮಾತಾಡುತ್ತಾರೆ.

“ಗೊತ್ತಾಯ್ತು ಕಣೆ ನಿಮ್ಮಿಬ್ರ ನಾಟ್ಕ. ಕೂಸು ರಾತ್ರಿ ಪೂರ್ತಿ ಫೋನ್ ನೆಕ್ಕಾಕೆ ಕೇಳ್ತು. ಎರಡ್ ದಿನದ ಕೆಲ್ಸ ನೀರ್ಪಾಲು. ಈಗ ಮತ್ತೆ ಮೊದ್ಲಿಂದ.”

“ನಾನು ಬರ್ತಿದ್ದೀನಿ ಅತ್ತೆ.”

“ಬಂದು?”

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಬಂದ್ರೆ ಕುಡೀತದೆ, ಮಲೀಕತದೆ, ನಾಳಿಂದ ಅದೇ ರಾಮಾಯ್ಣ. ಆಮೇಕೆ ಅಕ್ಟೋಬರ್ನಲ್ಲಿ ನಾ ಓಗ್ಲೇ ಇಲ್ವಲ್ಲಾ ಅಂತ ಈ ಕೂಸ್ನ ನೋಡ್ಕಂಡು ಕೂತಿರ್ತೀಯ. ಅಂಗ್ ನೋಡ್ಬ್ಯಾಡ ಕಣವ್ವ ನನ್ ಮೊಮ್ಮಗಳ್ನ. ಅರ್ಧಕ್ಕೆ ಬುಟ್ಟಿರೋದ್ನ ಓಗಿ ಮುಗಿಸ್ಕಂಡ್ ಬಾ. ಮಂಗಳವಾರದಗಂಟ ಇತ್ಲಾಗ್ ತಲೆ ಆಕ್ಬ್ಯಾಡ. ಧರ್ಮನ ಫೋನು ರಾಗಿ ಡಬ್ಬದಾಗೆ ಮಡಗಿವ್ನಿ. ಏನಾರ ಆದ್ರೆ ನಾನೇ ಫೋನ್ ಮಾಡ್ತೀನಿ. ಮಾಡ್ನಿಲ್ಲ ಅಂದ್ರೆ ಕೂಸು ಚೆಂದಾಗದೆ ಅಂತ.”

ಇಟ್ಟುಬಿಟ್ಟರು.

ರೂಪಶ್ರೀ ಕೀಲಿ ಹಿಡಿದು ನಿಂತಿದ್ದಳು. “ಎಲ್ಲಿಗೆ?” ಎಂದಳು.

ಎಲ್ಲಿಗೂ ಇಲ್ಲ ಎಂದೆ.

ಆಗಸ್ಟ್ 15, ಶುಕ್ರವಾರ

ಫೋನು ಬರಲಿಲ್ಲ. ಚೆನ್ನಾಗಿದೆ ಎಂದು ಅರ್ಥ. ಎಷ್ಟು ಸಲ ತೆಗೆದು ನೋಡಿದೆನೋ, ಕೊನೆಗೆ ಬೃಂದಾ ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿದಳು. “ರಿಂಗ್ ಆದ್ರೆ ಬ್ಯಾಗಲ್ಲೂ ಆಗತ್ತೆ.”

ರೂಪಶ್ರೀಯವರು ಹೊಗೆಸೊಪ್ಪು ಬೆಳೆಯುವವರು. ಮನೆಯ ಹಿಂದೆ ಸೊಪ್ಪು ಬೇಯಿಸುವ ಬ್ಯಾರನ್ ಇದೆ: ಎತ್ತರದ ಇಟ್ಟಿಗೆ ಕೋಣೆ, ಒಳಗೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ನೇತುಹಾಕಿದ ಹಸಿ ಎಲೆ, ಬುಡದಲ್ಲಿ ಒಲೆ. ಒಮ್ಮೆ ಬೆಂಕಿ ಹೊತ್ತಿಸಿದರೆ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಕಾವು ಇಳಿದರೆ ಎಲೆ ಕಪ್ಪಾಗುತ್ತದೆ, ಏರಿದರೆ ಬೆಂಕಿಯೇ ಬೀಳಬಹುದು. ರೂಪಶ್ರೀಯ ಅಪ್ಪ ಕರಿಯಪ್ಪನವರು ಒಲೆಯ ಮುಂದೆ ಕೂತಿದ್ದರು, ಕಣ್ಣು ಕೆಂಡದ ಹಾಗೆ.

“ನಿದ್ದೆ ಬರಾಕಿಲ್ವಂತಲ್ಲ ಮಗಾ ನಿಂಗೆ? ನಮ್ಮನೇಲೇ ಇದ್ಬುಡು. ಸೀಜನ್ ಪೂರ್ತಿ ಸಂಬ್ಳ ಕೊಡ್ತೀನಿ.”

“ಇವರು ಕಾಯ್ತಾರಂತೆ!” ಎಂದರು ಕೊಟ್ಟಿಗೆಯ ಕಡೆಯಿಂದ ವಿಮಲಮ್ಮ. “ಎಚ್ರ ಇದೀನಿ ಎಚ್ರ ಇದೀನಿ ಅಂತ ಗೊರ್ಕೆ ಒಡೀತಾರೆ.”

“ಅದು ಗೊರ್ಕೆ ಅಲ್ಲ ಕಣೆ. ಒಲೆ ಸದ್ದು.”

ಮಧ್ಯಾಹ್ನ ಊಟವಾದ ಮೇಲೆ ಕರಿಯಪ್ಪನವರು ನನ್ನ ಕೈಗೆ ಟಾರ್ಚು ಕೊಟ್ಟರು. ಬಾಗಿಲಲ್ಲಿ ಒಂದು ಚಿಕ್ಕ ಗಾಜು ಇದೆ, ಅದರೊಳಗೆ ಬೆಳಕು ಬಿಟ್ಟರೆ ಥರ್ಮಾಮೀಟರ್ ಕಾಣುತ್ತದೆ. ಇಲ್ಲಿಗಿಂತ ಕೆಳಗೆ ಇಳಿದರೆ ಎರಡು ಸೌದೆ ಇಡು, ಬೆನ್ನು ನೆಟ್ಟಗೆ ಮಾಡಿಕೊಂಡು ಬರುತ್ತೇನೆ ಎಂದು ಒಳಗೆ ಹೋದರು. ಅಷ್ಟು ಸೊಪ್ಪನ್ನು ನನಗೆ ಬಿಟ್ಟು ಹೋದರು. ಸರಿಯಾದ ಆಯ್ಕೆ ಎಂದುಕೊಂಡೆ. ಈ ತಾಲ್ಲೂಕಿನಲ್ಲಿ ನನ್ನಷ್ಟು ಎಚ್ಚರವಿರುವವರು ಯಾರಿದ್ದಾರೆ.

ಗೋಣಿಚೀಲದ ಮೇಲೆ ಕೂತೆ. ಗೋಡೆ ಬೆಚ್ಚಗಿತ್ತು. ಬೆನ್ನು ಒರಗಿಸಿದೆ.

ಆಮೇಲಿನದು ಗೊತ್ತಿಲ್ಲ. ಯಾರೋ ಮೂಗು ಮುಟ್ಟಿದ ಹಾಗಾಗಿ ಕಣ್ಣು ಬಿಟ್ಟರೆ ಬೃಂದಾಳ ಬೆರಳು. “ಬದುಕಿದ್ಯಾ ನೋಡ್ದೆ,” ಎಂದಳು. ದೀಪ ಹಚ್ಚಿದ್ದರು. ಯಾರೋ ಕಂಬಳಿ ಹೊದಿಸಿದ್ದರು. ಎದ್ದು ಗಾಜಿನ ಹತ್ತಿರ ಓಡಿದೆ, ಟಾರ್ಚು ಹತ್ತಲಿಲ್ಲ.

“ಅಯ್ಯೋ ಕೂತ್ಕೊಳವ್ವ,” ಎಂದರು ವಿಮಲಮ್ಮ. ಒಲೆಯ ಮುಂದೆ ಅವರು ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. “ಆಗ್ಲೇ ಮೂರ್ ಸಲ ಸೌದೆ ಇಟ್ಟೆ. ನಿನ್ ಕಾಲ್ ದಾಟ್ಕಂಡೇ ಓಡಾಡ್ತಿವ್ನಿ.”

ಸೊಪ್ಪಿಗೆ ಏನೂ ಆಗಿರಲಿಲ್ಲ.

ಕರಿಯಪ್ಪನವರು ಸಂಬಳ ಕಟ್ ಎಂದರು.

ಆಗಸ್ಟ್ 17, ಭಾನುವಾರ. ಎಚ್.ಡಿ. ಕೋಟೆ

ಬೃಂದಾಳ ಮನೆ. ನಿನ್ನೆ ಮತ್ತೆ ಹುಣಸೂರಿಗೇ ಬಂದು ಇತ್ತ ತಿರುಗಿದೆವು. ಹೊರಟ ದಿನದಿಂದ ಲೆಕ್ಕ ಹಾಕಿದರೆ ನಾವು ಮಿರ್ಲೆಯ ಸುತ್ತಲೇ ಸುತ್ತುತ್ತಿದ್ದೇವೆ, ಹಗ್ಗ ಕಟ್ಟಿದ ಕರುವಿನ ಹಾಗೆ. ಇದನ್ನು ಹೇಳಿದಾಗ ರೂಪಶ್ರೀ, “ನೀನು ಕರು ಅಲ್ಲಮ್ಮ, ಹಸು. ಕರು ಅಲ್ಲಿದೆ,” ಎಂದಳು. ಮೂವರೂ ನಕ್ಕೆವು. ನಾನೂ.

ಕಬಿನಿ ತುಂಬಿದೆ. ತುಂತುರು ಮಳೆಯಲ್ಲಿ ನಿಂತು ನೀರು ನೋಡಿದೆವು. ಹುರಿದ ಮೀನು ತಿಂದೆವು. ರೂಪಶ್ರೀ ಇನ್ನೊಂದು ತಟ್ಟೆ ಹೇಳಿದಳು, ಅದನ್ನೂ ನಾನೇ ತಿಂದೆನಂತೆ.

ಹೂವು ಕಟ್ಟುವುದನ್ನು ನಿಲ್ಲಿಸಿದ್ದೇನೆ. ಎದೆ ಮೆತ್ತಗಾಗಿದೆ. ಬೆಳಿಗ್ಗೆ ಸ್ನಾನದ ಮನೆಯಲ್ಲಿ ಒತ್ತಿ ನೋಡಿದೆ, ಒಂದೆರಡು ಹನಿ. ಇದೇ ಆಗಬೇಕಿತ್ತು. ಆಗಿದೆ. ಸ್ವಲ್ಪ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದೆ. ಬೃಂದಾಳ ಅಮ್ಮ ಟ್ಯಾಂಕು ಖಾಲಿಯಾಗುತ್ತದೆ ಎಂದು ಬಾಗಿಲು ಬಡಿದರು.

ಕಾರಿನಲ್ಲಿ ಬರುವಾಗ ಕೇಳಿದೆ, ಅಲ್ಲಿ ನನ್ನ ರೂಮಿನಲ್ಲಿ ಈಗ ಯಾರಿದ್ದಾರೆ ಎಂದು.

“ಚಿಲಿ ದೇಶದವಳು. ಸೆಪ್ಟೆಂಬರ್‌ಗೆ ಖಾಲಿ ಮಾಡ್ತಾಳೆ.”

“ಕಿಟಕಿ ಸರಿ ಮಾಡಿಸಿದ್ರಾ? ಗಾಳಿ ನುಗ್ತಿತ್ತಲ್ಲ.”

“ನೀನೇ ಬಂದು ಮಾಡಿಸ್ಕೋ,” ಎಂದಳು ಬೃಂದಾ.

ನನ್ನ ಮಗಳು ಇಂಚರಳ ಫೋಟೋ ತೋರಿಸು ಎಂದರು. ಫೋನು ಬೃಂದಾಳ ಬ್ಯಾಗಿನಲ್ಲೇ ಇತ್ತು. ನಿನ್ನೆಯಿಂದ ಕೇಳಿಯೇ ಇರಲಿಲ್ಲ.

ಆಗಸ್ಟ್ 18, ಸೋಮವಾರ

ಮಳೆ. ಎಲ್ಲಿಗೂ ಹೋಗಲಿಲ್ಲ. ಇಸ್ಪೀಟು ಆಡಿದೆವು, ಸೋತೆ. ಮಲಗಿದೆ.

ಆಗಸ್ಟ್ 19, ಮಂಗಳವಾರ. ಮಿರ್ಲೆ

ಬಂದೆವು. ದಾರಿಯಲ್ಲಿ ಕೆ.ಆರ್. ನಗರ ದಾಟಿದ ಮೇಲೆ ಗದ್ದೆಗಳೆಲ್ಲ ನಾಟಿಯಾಗಿವೆ. ಹೋಗುವಾಗ ಬರೀ ಕೆಸರಿತ್ತು.

ಅಂಗಳದಲ್ಲಿ ಅತ್ತೆ ನಿಂತಿದ್ದರು. ಸೀರೆ ಇಲ್ಲ. ನನ್ನ ನೀಲಿ ನೈಟಿ. ಮೇಲೊಂದು ಟವೆಲು. ನೈಟಿ ಅವರಿಗೆ ಮೊಣಕಾಲಿನ ಕೆಳಗೆ ಗೇಣಷ್ಟು ಮಾತ್ರ ಬರುತ್ತಿತ್ತು, ಕೆಳಗೆ ಕೆಂಪು ಲಂಗ ಕಾಣುತ್ತಿತ್ತು. ಒಗೆದೇ ಇಲ್ಲ, ಭುಜದ ಮೇಲೆ ಗಂಜಿಯ ಕಲೆ. ಸೊಂಟದ ಮೇಲೆ ಇಂಚರ.

“ಏನ್ ನೋಡೀಯೆ?” ಎಂದರು. “ಇದ್ನ ಆಕ್ಕಂಡ್ರೆ ಮಾತ್ರ ಮಲೀಕತದೆ. ಹೊದ್ಸುದ್ರೆ ಕಿತ್ತೆಸೀತು, ಒಳಗಡೆ ಆಳಿರ್ಬೇಕು ಅದಕ್ಕೆ. ಬೀದಿಯೋರೆಲ್ಲ ನಗಾಡವ್ರೆ. ನಗ್ಲಿ ಬುಡು.” ಟವೆಲು ಸರಿಮಾಡಿಕೊಳ್ಳುತ್ತಾ, “ತಣ್ಣಗದೆ ಕಣೆ,” ಎಂದರು.

ಮಾವ ಜಗುಲಿಯಿಂದ, “ಇನ್ನೊಂದ್ ಜೊತೆ ಕೇಳ್ತಾವ್ಳೆ, ಉಸಾರು,” ಎಂದರು.

ಇಂಚರ ನನ್ನನ್ನು ನೋಡಿದಳು. ಬಹಳ ಹೊತ್ತು. ಆಮೇಲೆ ಅಜ್ಜಿಯ ಭುಜಕ್ಕೆ, ನನ್ನ ನೈಟಿಗೆ, ಮುಖ ಒತ್ತಿಕೊಂಡಳು. ನನ್ನ ವಾಸನೆ ಅಲ್ಲಿತ್ತು, ನಾನು ಇಲ್ಲಿದ್ದೆ. ಕೈ ಚಾಚಿದ್ದವಳು ಕೈ ಎಲ್ಲಿಡುವುದೆಂದು ತಿಳಿಯದೆ ಕಾರಿನಿಂದ ಬ್ಯಾಗು ಇಳಿಸಿದೆ. ಧರ್ಮೇಂದ್ರ ಬಂದು ಬ್ಯಾಗು ತೆಗೆದುಕೊಂಡರು. “ಫೋನ್ ಇನ್ನೂ ಕೊಟ್ಟಿಲ್ಲ,” ಎಂದು ಮೆಲ್ಲಗೆ ಹೇಳಿದರು.

ರೂಪಶ್ರೀ, ಬೃಂದಾ ಊಟ ಮಾಡಿ ಹೊರಟರು. ಅಕ್ಟೋಬರಲ್ಲಿ ಸಿಗೋಣ ಎಂದರು. ಹ್ಞೂಂ ಎಂದೆ.

ಅತ್ತೆ ಹೇಳಿದರು, “ಇವತ್ತೊಂದ್ ರಾತ್ರಿ ನನ್ ಜೊತೇಲೇ ಮಲೀಕಳ್ಳಿ. ನೀ ನಡುಮನೇಲಿ ಮಲೀಕೊ. ಎದ್ದ್ ಬಂದು ಮೂಗು ಗೀಗು ಮುಟ್ಟೀಯ, ಕೈ ಮುರೀತೀನಿ.”

ಇಷ್ಟು ದಿನ ಅವರಿಗೆ ಗೊತ್ತಿತ್ತು ಎಂದಾಯಿತು.

ಆಗಸ್ಟ್ 20, ಬುಧವಾರ

ಕಣ್ಣು ಬಿಟ್ಟಾಗ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ಹಾಲಿನ ಡೇರಿಯ ಗಾಡಿ ಹೋಗಿದ್ದೂ ಕೇಳಿಸಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಇಂಚರ ಗೋಡೆ ಹಿಡಿದುಕೊಂಡು ಬಂದಳು. ನಡಿಗೆ ಬದಲಾಗಿದೆ, ಹೆಜ್ಜೆ ಅಗಲವಿಲ್ಲ. ಹತ್ತಿರ ಬಂದು ನಿಂತಳು. ನನ್ನ ಕಿವಿ ಹಿಡಿದಳು. ಕುಡಿಯುವಾಗ ಹಿಡಿಯುತ್ತಿದ್ದ ಕಿವಿ.

ಲೋಟ ಕೆಳಗಿಟ್ಟೆ. ಇನ್ನು ಕೇಳುತ್ತಾಳೆ ಎಂದುಕೊಂಡೆ. ಕೇಳಿದರೆ ಏನು ಹೇಳುವುದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಅವಳು ಕೇಳಲಿಲ್ಲ. ಅಂಗೈಯನ್ನು ನನ್ನ ಎದೆಯ ಮೇಲಿಟ್ಟು ಎರಡು ಸಲ ತಟ್ಟಿದಳು. ಆಮೇಲೆ ಅದೇ ಕೈ ಎತ್ತಿ ತೆಂಗಿನ ಮರದ ಕಡೆ ತೋರಿಸಿ, ನನಗೆ ಗೊತ್ತಿಲ್ಲದ ಸುದ್ದಿಯನ್ನು ತಿಳಿಸುವವಳ ಹಾಗೆ, “ಕಾ,” ಎಂದಳು.

“ಕಚ್ಕೊಂಡು ಹೋಯ್ತಾ?” ಎಂದೆ.

“ಕಾ.”

ನನ್ನ ಮುಖ ನೋಡಿದಳು. ನಾನು ಅಳುತ್ತೇನೋ ಎಂದು ನೋಡುವ ಹಾಗಿತ್ತು. ಆಮೇಲೆ ತೊಡೆಯ ಮೇಲೆ ಹತ್ತಿ, ಬೆನ್ನು ನನಗೆ ಒರಗಿಸಿ ಕೂತಳು. ಮರದಲ್ಲಿ ಕಾಗೆ ಇರಲಿಲ್ಲ. ಬಂದೀತೆಂದು ಇಬ್ಬರೂ ನೋಡುತ್ತಾ ಕೂತಿದ್ದೆವು.